ಬೆಳಗ್ಗೆ ಬರುವ ನೆರೆ: ಕುಂಡಲಿಕಾದಲ್ಲಿ ದೋಣಿ, ಗಾಳ ಮತ್ತು ಎರಡು ದಿನ

ಪ್ರಶ್ನೆ: ಡೊಂಬಿವಲಿಯಲ್ಲಿ 22 ವರ್ಷದಿಂದ ಇದ್ದೇನೆ. ಊರು ಪಾಣೆಮಂಗಳೂರು. ಚಿಕ್ಕಂದಿನಲ್ಲಿ ನೇತ್ರಾವತಿಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ, ಈಜು ಬರುತ್ತದೆ. ಈಗ ಗಾಳಿ ತುಂಬುವ, ಇಬ್ಬರು ಕೂರುವ ಒಂದು ಕನೂ ದೋಣಿ ಕೊಂಡಿದ್ದೇನೆ. ಗೆಳೆಯನ ಹತ್ತಿರ ಇನ್ನೊಂದಿದೆ. ಡಿಸೆಂಬರ್‌ನಲ್ಲಿ ಒಂದು ಶನಿವಾರ, ಭಾನುವಾರ ನಾನು, ಇಬ್ಬರು ಗೆಳೆಯರು ಮತ್ತು 14 ವರ್ಷದ ಮಗ ರಾಯಗಡ ಜಿಲ್ಲೆಯ ಕುಂಡಲಿಕಾ ಹೊಳೆಯಲ್ಲಿ ಭೀರಾದಿಂದ ಕೋಲಾಡ್ ತನಕ ತೇಲಿಕೊಂಡು ಹೋಗಬೇಕು ಅಂತಿದ್ದೇವೆ. ದಾರಿಯುದ್ದಕ್ಕೂ ಗಾಳ ಹಾಕುವುದು, ರಾತ್ರಿ ಮರಳಿನ ಮೇಲೆ ಟೆಂಟ್, ಹಿಡಿದ ಮೀನನ್ನೇ ಸುಟ್ಟು ಊಟ. ಮಹಸೀರ್ ಮೀನು ಸಿಗಬಹುದಾ? ಏನೇನು ಸಿದ್ಧತೆ ಬೇಕು?

ಉತ್ತರ: ನಿಮ್ಮ ಯೋಚನೆ ಓದಿ ನನಗೂ ಒಮ್ಮೆ ಚೀಲ ಕಟ್ಟೋಣ ಅನ್ನಿಸಿತು. ನಾನು ಹೊನ್ನಾವರದವನು, ಶರಾವತಿ ದಂಡೆಯಲ್ಲಿ ಬೆಳೆದವನು. ಪುಣೆಗೆ ಬಂದ ಮೇಲೆ ಸಹ್ಯಾದ್ರಿಯ ಎರಡೂ ಬದಿಯ ಹೊಳೆಗಳಲ್ಲಿ ಸಾಕಷ್ಟು ಹುಟ್ಟು ಹಾಕಿದ್ದೇನೆ. ಆದ್ದರಿಂದ ನೇರವಾಗಿ ಹೇಳುತ್ತೇನೆ. ಹೋಗಿ, ಆದರೆ ಬರೆದಿರುವ ಹಾಗೆ ಹೋಗಬೇಡಿ. ದೋಣಿ ಸವಾರಿ, ಗಾಳ ಎರಡನ್ನೂ ಒಂದೇ ಹೊತ್ತಿಗೆ ಕಟ್ಟಿದ್ದೀರಿ. ಕುಂಡಲಿಕಾದಲ್ಲಿ ಅದು ಆಗುವುದಿಲ್ಲ. ಅಲ್ಲಿ ದೋಣಿಗೆ ಒಂದು ಹೊತ್ತು, ಗಾಳಕ್ಕೆ ಇನ್ನೊಂದು ಹೊತ್ತು.

ಯಾಕೆ ಅಂತ ತಿಳಿಯಬೇಕಾದರೆ ಆ ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು.

ಡಿಸೆಂಬರ್ ಹೊತ್ತಿಗೆ ಕೊಂಕಣದ ಸಣ್ಣ ಹೊಳೆಗಳೆಲ್ಲ ಸೊರಗಿರುತ್ತವೆ. ಅಲ್ಲಲ್ಲಿ ಮಡು, ನಡುವೆ ಬರೀ ಕಲ್ಲು. ಕುಂಡಲಿಕಾ ಮಾತ್ರ ಬೇಸಿಗೆಯಲ್ಲೂ ಹರಿಯುತ್ತದೆ. ಅದು ಅದರ ಸ್ವಂತ ನೀರಲ್ಲ. ಘಟ್ಟದ ಮೇಲೆ ಪುಣೆ ಜಿಲ್ಲೆಯಲ್ಲಿ ಮುಳಶಿ ಅಣೆಕಟ್ಟಿದೆ. ಮುಳಾ ನದಿಗೆ ಕಟ್ಟಿದ್ದು. ಆ ನೀರನ್ನು ದೊಡ್ಡ ಕೊಳವೆಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಕೆಳಗೆ, ಭೀರಾದ ವಿದ್ಯುತ್ ಕೇಂದ್ರಕ್ಕೆ ಇಳಿಸುತ್ತಾರೆ. ಟಾಟಾ ಕಂಪನಿಯ ಆ ಕೇಂದ್ರ 1927ರಿಂದ ನಡೆಯುತ್ತಿದೆ. ಟರ್ಬೈನ್ ತಿರುಗಿಸಿ ಹೊರಬಂದ ನೀರು ಕುಂಡಲಿಕಾ ಸೇರುತ್ತದೆ. ಅಣೆಕಟ್ಟಿಗೆ ಹೊಲ ಕಳೆದುಕೊಳ್ಳಬೇಕಾದ ರೈತರು 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹಕ್ಕೆ ಕೂತದ್ದು ಇದೇ ನೀರಿನ ವಿಷಯಕ್ಕೆ. ನಮಗೆ ಇನ್ನೊಂದು ಸ್ವಾರಸ್ಯವೂ ಇದೆ. ಮುಳಾ ನೀರು ತನ್ನ ಪಾಡಿಗೆ ಹರಿದಿದ್ದರೆ ಭೀಮಾ ಸೇರಿ, ಕಲಬುರಗಿ ಸೀಮೆ ದಾಟಿ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತಿತ್ತು. ಅದೇ ನೀರು ಈಗ ಘಟ್ಟದಿಂದ ಹಿಂದಕ್ಕೆ ಜಾರಿ ರೇವದಂಡಾದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನೀವು ತೇಲಬೇಕು ಅಂತಿರುವುದು ಒಂದು ರೀತಿಯಲ್ಲಿ ಭೀಮೆಯ ನೀರಿನ ಮೇಲೆ.

ಈಗ ನಿಮಗೆ ಬೇಕಾದ ಮಾತು. ಕರೆಂಟ್ ತೆಗೆಯುವಾಗ ನೀರು ಬರುತ್ತದೆ. ನಿಲ್ಲಿಸಿದಾಗ ನಿಲ್ಲುತ್ತದೆ. ಹೆಚ್ಚಿನ ದಿನ ಬೆಳಗ್ಗೆ ಬಿಡುತ್ತಾರೆ. ಕೋಲಾಡಿನಲ್ಲಿ ರಾಫ್ಟಿಂಗ್ ಬೆಳಗ್ಗೆಯೇ ನಡೆಯುವುದು ಇದೇ ಕಾರಣಕ್ಕೆ. ಮಧ್ಯಾಹ್ನದ ಮೇಲೆ ಹೊಳೆ ಇಳಿಯುತ್ತದೆ, ಕಲ್ಲು ಎದ್ದು ಕಾಣುತ್ತದೆ, ಗಾಳಿ ತುಂಬಿದ ದೋಣಿ ತಳ ಉಜ್ಜಿಕೊಂಡು ನಿಲ್ಲುತ್ತದೆ. ದಿನವೂ ಬೆಳಗ್ಗೆ ಒಂದು ಸಣ್ಣ ನೆರೆ, ಸಂಜೆಗೆ ಒಂದು ಸಣ್ಣ ಬೇಸಿಗೆ ಅಂದುಕೊಳ್ಳಿ. ನೇತ್ರಾವತಿಯ ನೆರೆ ಬರುವ ಮೊದಲು ಮೋಡ ಕಾಣುತ್ತಿತ್ತು, ನೀರು ಕೆಂಪಾಗುತ್ತಿತ್ತು. ಇಲ್ಲಿ ಆಕಾಶ ಶುಭ್ರವಾಗಿರುತ್ತದೆ, ಹಕ್ಕಿ ಕೂಗುತ್ತಿರುತ್ತದೆ, ನೆರೆ ಬಂದುಬಿಡುತ್ತದೆ.

ನನಗೆ ಈ ಪಾಠ ಪುಸ್ತಕದಿಂದ ಬಂದದ್ದಲ್ಲ. ಬಹಳ ವರ್ಷದ ಹಿಂದೆ ನಾನೂ ಒಬ್ಬ ಗೆಳೆಯನೂ ಬೆಳಗ್ಗೆ ಮೊಣಕಾಲುದ್ದದ ನೀರು ದಾಟಿ, ಹೊಳೆ ನಡುವಿನ ಒಂದು ಚಪ್ಪಟೆ ಬಂಡೆ ಹತ್ತಿದೆವು. ಒಳ್ಳೆ ಮಡು, ಮೀನು ಆಡುತ್ತಿತ್ತು. ದೋಣಿಯನ್ನು ದಂಡೆಯ ಹತ್ತಿರ ಒಂದು ಕಲ್ಲಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದೆವು. ಆಚೆ ದಂಡೆಯಲ್ಲಿ ಮೂವರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರು ಇದ್ದಕ್ಕಿದ್ದಂತೆ ಬಟ್ಟೆ ಗಂಟು ಕಟ್ಟಿ ಮೇಲೆ ಹತ್ತಿದರು. ಒಬ್ಬಾಕೆ ನಮ್ಮ ಕಡೆ ಕೈ ಬೀಸಿ 'ಪಾಣಿ ಆಲಾ, ಪಾಣಿ ಆಲಾ' (ನೀರು ಬಂತು, ನೀರು ಬಂತು) ಅಂತ ಕೂಗಿದರು. ನಾವು ಕೈ ಬೀಸಿ ನಮಸ್ಕಾರ ಮಾಡಿದೆವು! ಕಾಲು ಗಂಟೆಯಲ್ಲಿ ಮೊಣಕಾಲುದ್ದದ ನೀರು ಎದೆ ಮಟ್ಟಕ್ಕೆ ಬಂತು. ದಾಟುವ ಮಾತೇ ಇಲ್ಲ. ಕಟ್ಟಿದ ಹಗ್ಗ ಗಿಡ್ಡವಾದ್ದರಿಂದ ದೋಣಿಯ ಮೂತಿ ನೀರೊಳಗೆ ಹೋಗಿ, ತುಂಬಿ, ಮಗುಚಿತು. ನನ್ನ ರಾಡು, ಡಬ್ಬಿ, ಒಂದು ಜೊತೆ ಚಪ್ಪಲಿ ಸಮುದ್ರದ ಪಾಲು. ಮಧ್ಯಾಹ್ನ ನೀರು ಇಳಿಯುವ ತನಕ ಆ ಬಂಡೆಯ ಮೇಲೆ ಕೂತು ಒಂದು ಪೊಟ್ಟಣ ಪಾರ್ಲೆ-ಜಿ ಹಂಚಿಕೊಂಡು ತಿಂದೆವು. ತಪ್ಪು ಪೂರ್ತಿ ನಮ್ಮದೇ. ನೀರು ಬಿಡುವ ಹೊತ್ತು ಯಾರನ್ನೂ ಕೇಳಿರಲಿಲ್ಲ.

ಅಂದಿನಿಂದ ನಾನು ಹೊಳೆಗಿಂತ ಮೊದಲು ಬಟ್ಟೆ ಒಗೆಯುವವರನ್ನು ನೋಡುತ್ತೇನೆ. ಅವರು ಎದ್ದರೆ ನಾನೂ ಏಳುತ್ತೇನೆ. ಬೇರೆ ಗುರುತುಗಳೂ ಇವೆ. ತಿಳಿ ನೀರಿನಲ್ಲಿ ಒಣ ಎಲೆ, ಕಡ್ಡಿ, ನೊರೆ ಬರತೊಡಗುತ್ತದೆ. ಯಾಕೆಂದರೆ ಏರುವ ನೀರು ದಂಡೆಯ ಕಸ ಎತ್ತಿಕೊಂಡು ಬರುತ್ತದೆ. ಮೇಲಿನ ಕಲ್ಲುಗಳ ಸದ್ದು ಬದಲಾಗುತ್ತದೆ. ದಂಡೆಗೆ ಹೋದ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟುಬಿಡಿ. ಅದರ ಬುಡ ಒದ್ದೆ ಆಯಿತೋ, ಗಾಳ ಸುತ್ತಿ ಮೇಲೆ ಹತ್ತಿ. ಇನ್ನೊಂದು ಮಾತು ನೆನಪಿಡಿ. ಮೇಲೆ ಬಿಟ್ಟ ನೀರು ಕೆಳಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಭೀರಾ ಹತ್ತಿರ ಏರಿದ ಎಷ್ಟೋ ಹೊತ್ತಿನ ಮೇಲೆ ಕೋಲಾಡ್ ಹತ್ತಿರ ಏರುತ್ತದೆ. ಇಳಿಯುವುದೂ ಹಾಗೇ. ಅದಕ್ಕೇ 'ಏಳಕ್ಕೆ ಬಿಡ್ತಾರಂತೆ' ಅನ್ನುವ ಸುದ್ದಿ ಸಾಲದು. ನೀವು ನಿಂತ ಜಾಗಕ್ಕೆ ಎಷ್ಟಕ್ಕೆ ಬರುತ್ತದೆ ಅಂತ ಅಲ್ಲಿನವರನ್ನೇ ಕೇಳಬೇಕು.

ಭೀರಾದಿಂದ ಕೋಲಾಡ್ ತನಕ ಒಂದೇ ಸಮ ತೇಲುವುದು ಇನ್ನೊಂದು ಕಾರಣಕ್ಕೂ ಆಗದು. ಭೀರಾದ ಕೆಳಗೆ ನೀರನ್ನು ಮತ್ತೆ ತಡೆದಿದ್ದಾರೆ. ಅದರ ಕೆಳಗೆ ಡೋಲವಾಹಲ್‌ನಲ್ಲಿ ಒಂದು ಕಟ್ಟ ಇದೆ, ಅಲ್ಲಿಂದ ಹೊಲಗಳ ನಾಲೆಗೆ ನೀರು ತಿರುಗುತ್ತದೆ. ಕಟ್ಟ ಅಂದರೆ ನಿಮಗೆ ಹೆಚ್ಚು ವಿವರಿಸಬೇಕಿಲ್ಲ. ತುಂಬೆಯ ಕಿಂಡಿ ಅಣೆಕಟ್ಟು ನೋಡಿ ಬೆಳೆದವರು ನೀವು. ಮಹಾರಾಷ್ಟ್ರದಲ್ಲಿ ಅದರ ಸಣ್ಣ ತಮ್ಮಂದಿರು ಹೊಳೆಹೊಳೆಗೂ ಇದ್ದಾರೆ, ಕೊಲ್ಹಾಪುರ ಬಂಧಾರಾ ಅನ್ನುತ್ತಾರೆ. ದೋಣಿಯವನಿಗೆ ದೊಡ್ಡ ಜಲಪಾತಕ್ಕಿಂತ ಈ ಗಿಡ್ಡ ಕಟ್ಟಗಳೇ ಹೆಚ್ಚು ಅಪಾಯ. ಮೇಲಿನಿಂದ ಬರುವಾಗ ನೀರು ಮಟ್ಟಸವಾಗಿ ಕಾಣುತ್ತದೆ, ಅಂಚು ಕಾಣುವುದೇ ಇಲ್ಲ. ಧುಮುಕಿದ ನೀರು ಬುಡದಲ್ಲಿ ಹಿಂದಕ್ಕೆ ಮಗುಚುತ್ತದೆ. ಬಿದ್ದದ್ದನ್ನು ಮತ್ತೆ ಮತ್ತೆ ಕಟ್ಟದ ಬುಡಕ್ಕೇ ಎಳೆಯುತ್ತದೆ. ಒಂದು ತೆಂಗಿನಕಾಯಿ ಅಲ್ಲಿ ಸಿಕ್ಕಿದರೆ ಗಂಟೆಗಟ್ಟಲೆ ಕುಣಿಯುತ್ತಿರುತ್ತದೆ. ಲೈಫ್ ಜಾಕೆಟ್ ಹಾಕಿದ ಈಜುಗಾರನ ಗತಿಯೂ ಅದೇ. ಯಾವುದೇ ಕಟ್ಟ ಬಂದರೂ ಬಹಳ ಮೊದಲೇ ದಂಡೆ ಸೇರಿ, ದೋಣಿ ಹೊತ್ತು ಸುತ್ತಿಕೊಂಡು ಹೋಗಬೇಕು. ಇದರಲ್ಲಿ ಧೈರ್ಯದ ಪ್ರಶ್ನೆ ಇಲ್ಲ.

ಇನ್ನು ನಿಮ್ಮ ಕನೂ. ರಾಫ್ಟ್ ಓಡುವ ಭಾಗ ಸುಮಾರು 12 ಕಿಲೋಮೀಟರ್. ಅದರಲ್ಲಿ, ಕಲ್ಲುಗಳ ನಡುವೆ ನೀರು ರಭಸದಿಂದ ನುಗ್ಗುವ, ಎರಡನೇ, ಮೂರನೇ ದರ್ಜೆಯ ರ್‍ಯಾಪಿಡ್‌ಗಳಿವೆ. ಒಂದರಿಂದ ಆರರ ಲೆಕ್ಕದಲ್ಲಿ ಎರಡು, ಮೂರು ಅಂದರೆ ಸಣ್ಣದು ಅನ್ನಿಸಬಹುದು. ಎಂಟು ಜನ ಕೂರುವ ರಾಫ್ಟಿಗೆ ಅದು ಖುಷಿಯ ಕುಲುಕಾಟ. ತೆರೆದ ಕನೂಗೆ ಅದೇ ಅಲೆ ಒಳಗೆ ಬಂದು ಕೂರುತ್ತದೆ. ಮೊಳ ನೀರು ತುಂಬಿದ ಕನೂ ದೋಣಿಯಾಗಿ ಉಳಿಯುವುದಿಲ್ಲ. ಅದು ಹೇಳಿದ ಕಡೆಗೆ ತಿರುಗುವುದಿಲ್ಲ, ಕಲ್ಲಿಗೆ ಅಡ್ಡಲಾಗಿ ಅಂಟಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕಲ್ಲಿಗೂ ದೋಣಿಗೂ ನಡುವೆ ಮನುಷ್ಯ ಇರಬಾರದು. ಅದರ ಮೇಲೆ ನಾಲ್ಕು ಗಾಳ, ಎಂಟು ಕೊಕ್ಕೆ, ಸಡಿಲ ದಾರ! ಮಗುಚಿದಾಗ ಕಾಲಿಗೆ ಸುತ್ತುವುದು ಆ ದಾರವೇ. ಗಾಳಿ ದೋಣಿಗೆ ಕೊಕ್ಕೆ ಚುಚ್ಚಿದರೆ ಆಗುವ ಕಥೆ ಬೇರೆ. ಚೇಳು ಮೀನಿನ ಮುಳ್ಳೂ ಸಾಕು. ಒಮ್ಮೆ ನನ್ನ ಗೆಳೆಯನ ದೋಣಿ ಮುಳ್ಳಿನ ದೆಸೆಯಿಂದ ಸೂಂಯ್ ಅಂತ ಕೂತಿತು, ಪುಣ್ಯಕ್ಕೆ ದಂಡೆಯ ಹತ್ತಿರ.

ಹಾಗಾದರೆ ಏನು ಮಾಡಬೇಕು? ನಾನಾಗಿದ್ದರೆ ಹೀಗೆ ಮಾಡುತ್ತೇನೆ.

ಶನಿವಾರ ನಸುಕಿನಲ್ಲೇ ಡೊಂಬಿವಲಿ ಬಿಡಿ. ಪನವೇಲ್ ದಾಟಿದರೆ ಪೆಣ್, ವಡಖಳ್, ನಾಗೋಠಣೆ, ಕೋಲಾಡ್. ಹೈವೇ 66. ನಿಮ್ಮೂರಿಗೆ ಹೋಗುವ ಹೈವೇಯೇ ಅದು, ಮಂಗಳೂರಿನ ತನಕ ಬಿಡದೆ ಹೋಗುತ್ತದೆ. ಅಗಲ ಮಾಡುವ ಕೆಲಸ ಎಷ್ಟು ವರ್ಷದಿಂದ ನಡೆಯುತ್ತಿದೆ ಅಂತ ನಿಮಗೇ ಗೊತ್ತು, ಹೊತ್ತು ಜಾಸ್ತಿ ಇಟ್ಟುಕೊಳ್ಳಿ. ರೈಲೂ ಇದೆ, ಆದರೆ ದೋಣಿ ಪಂಪು ಹೊತ್ತುಕೊಂಡು ಬೇಡ. ಮತ್ಸ್ಯಗಂಧದಲ್ಲಿ ನಿದ್ದೆ ಹೊಡೆಯುತ್ತಾ ಎಷ್ಟೋ ಸಲ ದಾಟಿದ, ಕೋಲಾಡಿನ ಹತ್ತಿರದ ರೋಹಾವನ್ನು ಈ ಸಲ ಕಣ್ಣುಬಿಟ್ಟು ನೋಡಬಹುದು. ಪುಣೆಯಿಂದ ಬರುವ ಗೆಳೆಯರಿದ್ದರೆ ಪೌಡ್, ಮುಳಶಿ, ತಾಮ್ಹಿಣಿ ಘಾಟ್ ಇಳಿದು ಬರಲಿ. ಅವರಿಗೆ ನೀರು ಹೊರಡುವ ಕೆರೆಯೂ ಅದು ಬಂದು ಸೇರುವ ಹೊಳೆಯೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಆ ಬೆಳಗ್ಗೆ ನಿಮ್ಮ ಕನೂ ಚೀಲದಲ್ಲೇ ಇರಲಿ. ನಾಲ್ವರೂ ಗೈಡ್ ಇರುವ ರಾಫ್ಟ್ ಹತ್ತಿ. ಅಲ್ಲಿ ಸಾಮಾನ್ಯವಾಗಿ 14 ತುಂಬಿದವರನ್ನು ಹತ್ತಿಸಿಕೊಳ್ಳುತ್ತಾರೆ, ಮಗನ ಗುರುತಿನ ಚೀಟಿ ಇಟ್ಟುಕೊಳ್ಳಿ. ಇದು ಸುಮ್ನೆ ಮೋಜಿಗೆ ಅಂತ ಹೇಳುತ್ತಿಲ್ಲ. ಆ ಎರಡು ಗಂಟೆಯಲ್ಲಿ ಹೊಳೆಯನ್ನು ಓದಲು ಕಲಿಯಬಹುದು. ನೀರು ಬಾಣದ ಮೊನೆಯ ಹಾಗೆ ಮುಂದಕ್ಕೆ ಚೂಪಾದರೆ ಅದು ದಾರಿ. ಮೊನೆ ನಿಮ್ಮ ಕಡೆಗೆ ತಿರುಗಿದ್ದರೆ ಕೆಳಗೆ ಕಲ್ಲಿದೆ. ಬಂಡೆಯ ಹಿಂದೆ ನೀರು ತಿರುಗಿ ಶಾಂತವಾಗಿ ನಿಲ್ಲುವ ಜಾಗ ಇರುತ್ತದೆ. ದೋಣಿಯವನಿಗೆ ಅದೇ ಬಸ್ ಸ್ಟಾಪ್. ಮೀನಿಗೂ ಅದೇ ಜಗಲಿ. ಮಧ್ಯಾಹ್ನ ಗಾಳ ಎಲ್ಲಿ ಹಾಕಬೇಕು ಅಂತ ಗುರುತು ಮಾಡಿಕೊಳ್ಳಿ. ದಂಡೆಯ ಮರದ ಕೊಂಬೆ ನೀರಿಗೆ ಬಿದ್ದ ಜಾಗವನ್ನೂ ನೋಡಿಟ್ಟುಕೊಳ್ಳಿ. ನೀರು ಕೊಂಬೆಯ ನಡುವೆ ಸೋಸಿಕೊಂಡು ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಗೈಡ್ ಹೇಳುತ್ತಾನೆ, ಮಗನಿಗೆ ನೀವೂ ಇನ್ನೊಮ್ಮೆ ಹೇಳಿ. ಅಂಗಾತ ಮಲಗಬೇಕು. ಕಾಲು ಹೊಳೆ ಹೋಗುವ ದಿಕ್ಕಿಗೆ, ಹೆಬ್ಬೆರಳು ನೀರಿನ ಮೇಲೆ ಕಾಣಬೇಕು. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಲೇಬಾರದು. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಬೆನ್ನ ಮೇಲೆ ಕೂತು ತಲೆಯನ್ನು ಒಳಗೆ ಒತ್ತುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ಒಳ್ಳೆ ಈಜುಗಾರರು ಸಾಯುವುದು ಹೀಗೆ. ನಮ್ಮ ಕಡೆಯವರಿಗೆ 'ಈಜು ಬರ್ತದೆ' ಅನ್ನುವ ಗಟ್ಟಿ ನಂಬಿಕೆ ಇದೆ. ನನಗೂ ಇತ್ತು. ಮಡುವಿನ ಈಜು ಬೇರೆ, ಸೆಳವಿನ ಈಜು ಬೇರೆ.

ಮಧ್ಯಾಹ್ನ ಊಟ ಮುಗಿಸಿ, ನೀರು ಇಳಿದ ಮೇಲೆ ಗಾಳ ಹಿಡಿಯಿರಿ. ದಂಡೆಯಿಂದಲೇ. ಹೊಳೆ ನಡುವಿನ ಬಂಡೆ ಬೇಡ, ಆ ಕಥೆ ಆಗಲೇ ಹೇಳಿದೆ. ಮೊದಲು ಊರಿನವರನ್ನು ಕೇಳಿ. ಕೆಲವು ಮಡುಗಳಲ್ಲಿ ಅವರೇ ಬಲೆ ಹಾಕುತ್ತಾರೆ. ಅಣೆಕಟ್ಟಿನ ಕೆರೆಗಳಲ್ಲಿ ಮೀನಿನ ಹಕ್ಕನ್ನು ಸರ್ಕಾರ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡುತ್ತದೆ. ಅಲ್ಲಿ ಸಂಘದವರ ಒಪ್ಪಿಗೆ ಇಲ್ಲದೆ ಗಾಳ ಹಾಕಿದರೆ ಅದು ಕಳ್ಳತನವೇ. ವಿದ್ಯುತ್ ಕೇಂದ್ರದ ಆವರಣ, ಕೊಳವೆ, ನೀರು ಹೊರಬರುವ ಬಾಯಿ, ಇವುಗಳ ಹತ್ತಿರ ಸುಳಿಯಬೇಡಿ. ತಾಮ್ಹಿಣಿಯ ಕಡೆ ಅಭಯಾರಣ್ಯ ಇದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದರೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಒಳಗಿನ ಜೀವಿಯನ್ನು ಹಿಡಿಯುವಂತಿಲ್ಲ. ಭೀಮೇಶ್ವರಿಯಲ್ಲಿ ಕಾವೇರಿ ಮಹಸೀರ್‌ಗೆ ಗಾಳ ಹಾಕುವ ಕ್ಯಾಂಪುಗಳು ಮುಚ್ಚಿದ್ದೂ ಅದು ಅಭಯಾರಣ್ಯದ ಒಳಗೆ ಅನ್ನುವ ಕಾರಣಕ್ಕೇ.

ಮಹಸೀರ್ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ ಅಂತ ಆಸೆ ಹುಟ್ಟಿಸಲಾರೆ. ಆದರೆ ಈ ಮೀನಿನ ವಿಷಯ ಬಂದರೆ ನಾನು ಬಾಯಿ ಮುಚ್ಚುವವನಲ್ಲ. ದಖ್ಖನಿನ ಮಹಸೀರ್‌ಗೆ ವಿಜ್ಞಾನದ ಹೆಸರು ಟೋರ್ ಖುದ್ರೀ. ಅದನ್ನು 1839ರಲ್ಲಿ ಮೊದಲು ವಿವರಿಸಿದವರು ಸೈಕ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ. ಅವರಿಗೆ ಆ ಮೀನು ಸಿಕ್ಕಿದ್ದು ಪುಣೆಯ ಮುಳಾ-ಮುಠಾ ಹೊಳೆಯಲ್ಲಿ! ಖುದ್ರೀ ಅನ್ನುವುದು ಇಲ್ಲಿನ ಬೆಸ್ತರ ಬಾಯಿಂದ ಅವರು ಎತ್ತಿಕೊಂಡ ಹೆಸರು. ಇವತ್ತು ಪುಣೆಯ ಸೇತುವೆ ಮೇಲೆ ನಿಂತು ಆ ಹೊಳೆಯನ್ನು ನೋಡಿದರೆ ನಂಬಲು ಕಷ್ಟ, ಮೂಗು ಮುಚ್ಚಿಕೊಳ್ಳಬೇಕು. ನಿಮ್ಮ ಕಡೆಯ ಶಿಶಿಲದಲ್ಲಿ ದೇವರ ಮೀನು ಅಂತ ಮಂಡಕ್ಕಿ ಹಾಕುತ್ತಾರಲ್ಲ, ಪೆರುವೊಳು, ಅದು ಇದೇ ಬಳಗ. ಇಲ್ಲಿಯೂ ಹಾಗೆ ಕಾಪಾಡಿದ ಮಡುಗಳಿವೆ. ರಾಯಗಡ ಜಿಲ್ಲೆಯಲ್ಲೇ, ಮಹಾಡ್ ಕಡೆ ಕಾಳ ನದಿಯಲ್ಲಿ ವಾಳಣ ಕೊಂಡ ಅಂತ ಇದೆ. ದೇವಿಯ ಮೀನು ಅಂತ ಊರವರು ಮುಟ್ಟುವುದಿಲ್ಲ. ಮಗನಿಗೆ ಮಹಸೀರ್ ತೋರಿಸಬೇಕು ಅಂತಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ. ಗಾಳ ಮನೆಯಲ್ಲಿ ಬಿಟ್ಟು ಹೋಗಿ.

ಲೋಣಾವಳದ ವಲವಣ ಕೆರೆಯ ಹತ್ತಿರ ಟಾಟಾದವರು ದಶಕಗಳಿಂದ ಮಹಸೀರ್ ಮರಿ ಮಾಡಿಸುತ್ತಿದ್ದಾರೆ. ಒಳ್ಳೆ ಕೆಲಸ, ಸಂಶಯ ಇಲ್ಲ. ಆದರೆ ಇದಕ್ಕೆ ಒಂದು ಕಹಿ ಬಾಲವೂ ಇದೆ. ಇಲ್ಲಿನ ಖುದ್ರೀ ಮರಿಗಳನ್ನು ಕಾವೇರಿಗೂ ಬಿಟ್ಟರು. ಅಲ್ಲಿ ಮೊದಲೇ ಇದ್ದದ್ದು ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಬೇರೆ ಮಹಸೀರ್. ಹೊಸಬರು ಹೆಚ್ಚಿದರು, ಹಳಬರು ಕಡಿಮೆಯಾದರು. ಆ ಗೂನು ಮಹಸೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಮೀನಿನ ಮರಿ ಬಿಟ್ಟದ್ದೆಲ್ಲ ಪುಣ್ಯ ಅಂತ ತಿಳಿಯುವವರಿಗೆ ನಾನು ಈ ಮಾತು ಹೇಳುತ್ತಿರುತ್ತೇನೆ. ಅಪ್ಪಿತಪ್ಪಿ ನಿಮ್ಮ ಗಾಳಕ್ಕೆ ಮಹಸೀರ್ ಬಂದರೆ ನೀರಿನಿಂದ ಪೂರ್ತಿ ಎತ್ತಬೇಡಿ. ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಅದು ಬಾಲ ಬಡಿಯುವ ತನಕ ಹೊಟ್ಟೆಗೆ ಕೈ ಕೊಟ್ಟು ನಿಲ್ಲಿಸಿ ಬಿಡಿ. ಇದಕ್ಕಾಗಿಯೇ ಕೊಕ್ಕೆಯ ಒಳಮುಳ್ಳನ್ನು ಮೊದಲೇ ಇಕ್ಕುಳದಿಂದ ಒತ್ತಿಟ್ಟಿರಿ. ಮಗನ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ.

ನಿಜವಾಗಿ ಸಿಗಬಹುದಾದದ್ದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ನಿಂತ ನೀರಿನ ಅಂಚಿನಲ್ಲಿ ಹುಲ್ಲಿದ್ದರೆ ಕೊರವ, ನಿಮ್ಮ ಮಡೆಂಜಿ. ಇಲ್ಲಿ ಅದನ್ನು ಮರಳ್ ಅನ್ನುತ್ತಾರೆ. ಜಿಲೇಬಿಗೆ ಎರೆಹುಳು ಸಾಕು. ಗೋಧಿ ಹಿಟ್ಟಿನ ಉಂಡೆಗೂ ಬರುತ್ತದೆ. ದುಬಾರಿ ಸಾಮಾನು ಬೇಡ. ಆರೇಳು ಅಡಿಯ ರಾಡು, ಸಣ್ಣ ರೀಲು, ಐದಾರು ಕಿಲೋ ತಾಳುವ ನೈಲಾನ್ ದಾರ, ಬೆಂಡು, ಸೀಸ. ತಿಲಾಪಿಯಾ ಹೊರಗಿನಿಂದ ಬಂದು ನಮ್ಮ ಹೊಳೆಗಳನ್ನು ತುಂಬಿಕೊಂಡ ಮೀನು, ಅದನ್ನು ವಾಪಸ್ ಬಿಡುವ ಔದಾರ್ಯ ಬೇಡ. ರೀಲು ಎಸೆಯುವ ಅಭ್ಯಾಸ ತಪ್ಪಿದ್ದರೆ ಮುಂಬೈಯಲ್ಲೇ ಪವಾಯಿ ಕೆರೆಯಲ್ಲಿ ಗಾಳದವರ ಹಳೆಯ ಸಂಘ ಇದೆ, ಅವರ ಮೂಲಕ ಹೋಗಿ ಕೈ ಪಳಗಿಸಿಕೊಳ್ಳಿ. ಆ ಕೆರೆಯಲ್ಲಿ ಮೊಸಳೆ ಇದೆ, ಕಾಲು ನೀರಿಗೆ ಇಳಿಬಿಡಬೇಡಿ. ಮಹಾಡ್‌ನ ಸಾವಿತ್ರಿ ಹೊಳೆಯಲ್ಲೂ ಮೊಸಳೆ ಇದೆ. ಅದಕ್ಕೇ 'ಕುಂಡಲಿಕಾ ಬದಲು ಸಾವಿತ್ರಿ ಹೇಗೆ' ಅಂತ ಕೇಳುವವರಿಗೆ ಗಾಳಿ ದೋಣಿ ತರಬೇಡಿ ಅನ್ನುತ್ತೇನೆ.

ಎಲ್ಲಾದರೂ ತೋಟೆ ಸಿಡಿಸಿ ಅಥವಾ ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯುವವರು ಕಂಡರೆ ಜಗಳಕ್ಕೆ ನಿಲ್ಲಬೇಡಿ. ಸ್ಫೋಟಕ ಮತ್ತು ವಿಷ ಎರಡನ್ನೂ 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಅಲ್ಲಿಂದ ಹೊರಟು ಪೊಲೀಸರಿಗೆ ಹೇಳಿ. ಆ ಜಾಗದ ಮೀನನ್ನು ಬಿಟ್ಟಿಯಾಗಿ ಕೊಟ್ಟರೂ ತಿನ್ನಬೇಡಿ. ರೋಹಾದ ಕೆಳಗಿನ ಮೀನನ್ನೂ ನಾನು ತಿನ್ನುವುದಿಲ್ಲ. ಅಲ್ಲಿ ರಾಸಾಯನಿಕ ಕಾರ್ಖಾನೆಗಳ ದೊಡ್ಡ ವಸಾಹತು ಇದೆ.

ಮಳೆಗಾಲದಲ್ಲಿ ಬರಬಹುದಾ ಅಂತ ಮುಂದೆ ನಿಮಗೆ ಅನ್ನಿಸಬಹುದು. ಬೇಡ. ಮೊದಲ ಮಳೆಗೆ ನಮ್ಮೂರಿನಲ್ಲಿ ಹತ್ತುಮೀನು ಹಿಡಿಯುವ ಸಂಭ್ರಮ ಇದ್ದಂತೆ ಇಲ್ಲಿ ವಲಗಣ ಅಂತ ಇದೆ. ಬಾಲ್ಯದ ನೆನಪಿಗೆ ನನಗೂ ಬಾಯಿ ಚಪ್ಪರಿಸುವಂತಾಗುತ್ತದೆ. ಆದರೆ ಆಗ ಏರಿ ಬರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಜೊತೆಗೆ ಜುಲೈನ ಕುಂಡಲಿಕಾ ಘಟ್ಟದ ಮಳೆಯನ್ನೂ ಹೊತ್ತು ಬರುತ್ತದೆ. ಭೀರಾ ಹತ್ತಿರದ ದೇವಕುಂಡ ಜಲಪಾತಕ್ಕೆ ಮಳೆಗಾಲದಲ್ಲಿ ಜನ ಹೋಗದಂತೆ ಆಡಳಿತ ತಡೆಯುವುದು ಸುಮ್ನೆ ಅಲ್ಲ.

ರಾತ್ರಿ ಮರಳಿನ ಮೇಲೆ ಟೆಂಟ್ ಹಾಕುವ ಯೋಚನೆ ಬಿಟ್ಟುಬಿಡಿ. ಮಲಗಿದವನಿಗೆ ಕಡ್ಡಿ ಒದ್ದೆ ಆದದ್ದು ಕಾಣುವುದಿಲ್ಲ. ಕೋಲಾಡ್ ಸುತ್ತ ಎತ್ತರದ ದಂಡೆಯಲ್ಲಿ ಟೆಂಟ್ ಹಾಕಿಕೊಡುವ ಕ್ಯಾಂಪುಗಳು ಬೇಕಾದಷ್ಟಿವೆ. ಅಲ್ಲೇ ರಾತ್ರಿ ಊಟದ ಹೊತ್ತಿಗೆ ಗೈಡುಗಳನ್ನು ಹಿಡಿದು ಕೇಳಿ: 'ಉದ್ಯಾ ಪಾಣಿ ಕಿತೀ ವಾಜತಾ ಸುಟಣಾರ್?' ನಾಳೆ ನೀರು ಎಷ್ಟು ಗಂಟೆಗೆ ಬಿಡ್ತಾರೆ ಅಂತ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಮುಖ್ಯವಾದ ಮರಾಠಿ ವಾಕ್ಯ ನಿಮಗೆ ಬೇಕಾಗುವುದಿಲ್ಲ. ಕೆಲವು ದಿನ ಬಿಡುವುದೇ ಇಲ್ಲ ಅನ್ನುವ ಉತ್ತರವೂ ಬರಬಹುದು.

ಭಾನುವಾರ ಕನೂಗಳ ದಿನ. ರಾಫ್ಟಿಂಗ್ ಮುಗಿಯುವ ಜಾಗದ ಹತ್ತಿರ ಹೊಳೆ ಅಗಲವಾಗಿ ಶಾಂತವಾಗುತ್ತದೆ. ಕ್ಯಾಂಪಿನವರು ಕಯಾಕ್ ಆಡಿಸುವುದೂ ಅಂಥಲ್ಲೇ. ಅಲ್ಲೇ ಇಳಿಸಿ. ಹೊರಡುವ ಮೊದಲು ಸೊಂಟದ ಮಟ್ಟದ ನಿಂತ ನೀರಿನಲ್ಲಿ ಬೇಕಂತಲೇ ಎರಡು ಸಲ ಮಗುಚಿ, ನೆಟ್ಟಗೆ ಮಾಡಿ, ಹತ್ತಿ. ಮಗನಿಗೆ ಇದು ಇಡೀ ಪ್ರವಾಸದ ಅತಿ ಖುಷಿಯ ಹದಿನೈದು ನಿಮಿಷ ಆಗುತ್ತದೆ, ಬರೆದಿಟ್ಟುಕೊಳ್ಳಿ. ಭಾರದವರು ಹಿಂದೆ ಕೂರಬೇಕು, ದಿಕ್ಕು ತಿರುಗಿಸುವ ಕೆಲಸ ಅವರದ್ದು. ಮುಂದಿನವರದ್ದು ಬರೀ ವೇಗ. ಹಿಂದೆ ಕೂತವರು ಪ್ರತಿ ಸಲ ಹುಟ್ಟು ಎಳೆದ ಕೊನೆಯಲ್ಲಿ ಅಲಗನ್ನು ಸ್ವಲ್ಪ ಹೊರಕ್ಕೆ ತಳ್ಳಿದರೆ ದೋಣಿ ನೆಟ್ಟಗೆ ಹೋಗುತ್ತದೆ. ಇಲ್ಲದಿದ್ದರೆ ಬದಿ ಬದಲಿಸಿ ಬದಲಿಸಿ ಹಾವಿನ ಹಾಗೆ ಹೋಗುತ್ತೀರಿ, ಅದರಲ್ಲೂ ತಪ್ಪೇನಿಲ್ಲ. ಅಲೆ ಬಂದರೆ ಸೀಟಿನಿಂದ ಇಳಿದು ಮೊಣಕಾಲೂರಿ. ಗಾಳ ಹಾಕಬೇಕಾದರೆ ದೋಣಿ ನಿಲ್ಲಿಸಿ, ದೋಣಿಯಲ್ಲಿ ಒಂದೇ ರಾಡು ಹೊರಗಿರಲಿ, ಉಳಿದದ್ದರ ಕೊಕ್ಕೆ ಬಿಚ್ಚಿ ಡಬ್ಬಿಯಲ್ಲಿಡಿ. ಗಾಳಿ ದೋಣಿಯ ತಳಕ್ಕೆ ಒಂದು ಹಳೆ ಯೋಗ ಚಾಪೆ ಹಾಸಿ. ತೇಪೆ ಹಾಕುವ ಸಾಮಾನು, ಪಂಪು, ಒಂದು ಚಾಕು ಕೈಗೆ ಸಿಗುವಂತಿರಲಿ. ದೋಣಿ ಕಟ್ಟುವ ಹಗ್ಗ ಉದ್ದ ಇರಲಿ. ಗಿಡ್ಡ ಹಗ್ಗದ ಕಥೆ ನೆನಪಿದೆಯಲ್ಲ?

ಲೈಫ್ ಜಾಕೆಟ್ ನಾಲ್ವರಿಗೂ ನೀರಿನಲ್ಲಿರುವಷ್ಟು ಹೊತ್ತೂ ಇರಬೇಕು. ಮಗನಿಗೆ ದೊಡ್ಡವರದ್ದು ಬೇಡ. ಹಾಕಿ ಬಿಗಿದ ಮೇಲೆ ಭುಜದ ಹ‌ತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಬಂದರೆ ನೀರಿನಲ್ಲಿ ಅದು ಮಗನನ್ನು ಬಿಟ್ಟು ತಾನೊಬ್ಬನೇ ತೇಲುತ್ತದೆ. ಬಿಯರ್ ದೋಣಿಗೆ ಹತ್ತಕೂಡದು, ಗೆಳೆಯರಿಗೆ ನನ್ನ ಹೆಸರು ಹೇಳಿ ಬೈಯಿರಿ. ಭೀರಾ ಕಡೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಎಲ್ಲಿ ಇಳಿಯುತ್ತೀರಿ, ಎಷ್ಟು ಗಂಟೆಗೆ ಮೇಲೆ ಬರುತ್ತೀರಿ ಅಂತ ಮನೆಯಲ್ಲಿ ಚೀಟಿ ಬರೆದಿಟ್ಟು ಬನ್ನಿ. ಆ ಹೊತ್ತು ಮೀರಿದರೆ ಮೊದಲು ಕ್ಯಾಂಪಿಗೆ, ಆಮೇಲೆ 112ಕ್ಕೆ ಫೋನ್ ಮಾಡಬೇಕು ಅಂತ ಮನೆಯವರಿಗೆ ತಿಳಿದಿರಲಿ.

ಊಟದ ವಿಷಯ ಉಳಿಯಿತು. ಹಿಡಿದದ್ದನ್ನೇ ತಿನ್ನುತ್ತೇವೆ ಅಂತ ಹೊರಟ ಎಷ್ಟೋ ತಂಡಗಳು ರಾತ್ರಿ ವಡಾಪಾವ್ ಹುಡುಕಿಕೊಂಡು ಹೈವೇಗೆ ಬಂದದ್ದನ್ನು ನೋಡಿದ್ದೇನೆ. ನಾಲ್ಕು ಜನಕ್ಕೆ ಎಂಟು ಬಂಗುಡೆ, ಶುಕ್ರವಾರ ರಾತ್ರಿಯೇ ಮಸಾಲೆ ಹಚ್ಚಿ, ಐಸ್ ಡಬ್ಬಿಯಲ್ಲಿ ಡೊಂಬಿವಲಿಯಿಂದಲೇ ತನ್ನಿ. ಜಿಲೇಬಿ ಸಿಕ್ಕಿದರೆ ಪಕ್ಕದಲ್ಲಿ ಅದನ್ನೂ ಸುಡಬಹುದು.